ತಿರುಚಿ ಬಿಟ್ಟ ಕಡ್ಡಿಯ ನೆನಪು

ತೆಳ್ಳಗಿನ ಪ್ಲಾಸ್ಟಿಕ್ ಕಡ್ಡಿಯೊಂದನ್ನು ಬಲಕ್ಕೆ ತಿರುಚಿ ಒಂದು ದಿನ ಹಾಗೇ ಬಿಗಿದಿಡಿ. ಆಮೇಲೆ ಎಡಕ್ಕೆ ತಿರುಚಿ, ಒಂದೇ ಒಂದು ನಿಮಿಷ ಹಿಡಿದು, ಕೈ ಬಿಡಿ. ಕಡ್ಡಿ ಮೊದಲು ಬಲಕ್ಕೆ ತಿರುಗುತ್ತದೆ. ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಆಮೇಲೆ, ಯಾರೂ ಮುಟ್ಟದಿದ್ದರೂ, ನಿಧಾನವಾಗಿ ಎಡಕ್ಕೆ ತಿರುಗಲು ಶುರು ಮಾಡುತ್ತದೆ! ಈಗಷ್ಟೇ ಆದ ತಿರುಚನ್ನು ಬೇಗ ಬಿಡಿಸಿಕೊಂಡಿತು, ನಿನ್ನೆಯದನ್ನು ಬಿಡಿಸಿಕೊಳ್ಳಲು ಅದಕ್ಕೆ ಜಾಸ್ತಿ ಹೊತ್ತು ಬೇಕು. ಇಂಥ ನೆನಪಿನ ಲೆಕ್ಕವನ್ನು ಭೌತವಿಜ್ಞಾನಿ ಬೋಲ್ಟ್ಸ್‌ಮನ್ 1874ರಲ್ಲೇ ಕೊಟ್ಟಿದ್ದರು: ವಸ್ತುವಿನ ಮೇಲೆ ಹಿಂದೆ ಬಿದ್ದ ಒಂದೊಂದು ಎಳೆತವನ್ನೂ ಕೂಡಿಸಬೇಕು, ಹಳೆಯದಾದಷ್ಟೂ ಅದರ ತೂಕ ಕಡಿಮೆ.

ಅಕ್ರಿಲಿಕ್, ಪಾಲಿಕಾರ್ಬೊನೇಟ್‌ನಂಥ ಪ್ಲಾಸ್ಟಿಕ್‌ಗಳು ಒಳಗಿನಿಂದ ಗಾಜಿನ ಹಾಗೆ. ಉದ್ದುದ್ದ ಅಣುಗಳ ಎಳೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿರುತ್ತವೆ, ಬಿಸಿ ಆರುವಾಗ ಸರಿಯಾಗಿ ಹೊಂದಿಕೊಳ್ಳುವಷ್ಟರಲ್ಲೇ ಬಿಗಿದುಕೊಂಡು ನಿಂತುಬಿಡುತ್ತವೆ. ಕೆಲವು ಕಡೆ ಒತ್ತೊತ್ತಾಗಿ, ಕೆಲವು ಕಡೆ ಸಡಿಲವಾಗಿ. ಹಾಗಾಗಿ ಕೆಲವು ಜಾಗ ಕ್ಷಣದಲ್ಲಿ ಸರಿಹೋಗುತ್ತವೆ, ಕೆಲವಕ್ಕೆ ವರ್ಷಗಳು ಬೇಕು.

1963ರಲ್ಲಿ ಕೊವಾಕ್ಸ್ ಎಂಬ ವಿಜ್ಞಾನಿ ಇದನ್ನೇ ಇನ್ನೊಂದು ರೀತಿ ತೋರಿಸಿದರು. ಪಾಲಿವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕನ್ನು ತಣ್ಣಗೆ ಮಾಡಿ, ಅದು ಕುಗ್ಗುತ್ತಾ ಹೋಗಲು ಬಿಟ್ಟರು. ಆಮೇಲೆ, ಆಗ ಅದಕ್ಕಿದ್ದ ಗಾತ್ರ ಯಾವ ಉಷ್ಣತೆಗೆ ಸರಿಯಾದ ಗಾತ್ರವೋ ಆ ಉಷ್ಣತೆಗೇ ತಂದರು. ಇನ್ನು ಬದಲಾಗಬಾರದು, ಅಲ್ವಾ? ಆದರೆ ಅದು ಮೊದಲು ಹಿಗ್ಗಿತು, ಆಮೇಲೆ ಕುಗ್ಗಿ ಮೊದಲಿನ ಗಾತ್ರಕ್ಕೇ ಬಂತು. ತಣ್ಣಗಿದ್ದಾಗ ಅತಿಯಾಗಿ ಕುಗ್ಗಿದ್ದ ಚುರುಕು ಜಾಗಗಳು ಬೇಗ ಹಿಗ್ಗಿದವು, ನಿಧಾನದವು ಇನ್ನೂ ಕುಗ್ಗುತ್ತಲೇ ಇದ್ದವು. ಗಾತ್ರ ಒಂದೇ ಇದ್ದರೂ ಒಳಗಿನ ಕಥೆ ಬೇರೆ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಇದೇ.

ಇನ್ನು ಜೋರಾಗಿ ಎಳೆದರೆ? ಗಟ್ಟಿ ಪ್ಲಾಸ್ಟಿಕ್ಕಿನ ಒಳಗೇ ಅಣುಗಳು ಚುರುಕಾಗುತ್ತವೆ. ಅಕ್ರಿಲಿಕ್ಕನ್ನು ಎಳೆಯುತ್ತಲೇ ಅಳೆದು ನೋಡಿದ 2009ರ ಪ್ರಯೋಗದಲ್ಲಿ ಈ ಓಡಾಟ 1000 ಪಟ್ಟಿನವರೆಗೂ ಏರಿತ್ತು. ತಿಂಗಳುಗಟ್ಟಲೆ ಇಟ್ಟು ಬಿಗಿಯಾಗಿದ್ದ ಪ್ಲಾಸ್ಟಿಕ್ ಕೂಡ ಬಾಗಿ ಹರಿಯುವಷ್ಟು ಎಳೆದಾಗ ಹೊಸದರಂತೆ ನಡೆದುಕೊಳ್ಳುತ್ತದೆ, ಹಳೆಯ ಬಿಗಿತ ಬಹುಪಾಲು ಅಳಿಸಿಹೋಗಿರುತ್ತದೆ.

ಆದರೆ ಸಿಕ್ಕು ಮಾತ್ರ ಅಳಿಸುವುದಿಲ್ಲ. ತಣ್ಣಗಿದ್ದಾಗಲೇ ಬಗ್ಗಿಸಿದ ಪಾಲಿಕಾರ್ಬೊನೇಟ್ ಪಟ್ಟಿಯನ್ನು ಸುಮ್ನೆ ಇಟ್ಟರೆ ಬಗ್ಗಿದಂತೆಯೇ ಇರುತ್ತದೆ. ಅದನ್ನೇ ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಕಾಯಿಸಿ ನೋಡಿ, ಎಳೆಗಳು ಸಿಕ್ಕು ಬಿಚ್ಚಿಕೊಂಡಿರುವುದಿಲ್ಲವಲ್ಲ, ಅವೇ ಎಳೆದು ಪಟ್ಟಿಯನ್ನು ಹೆಚ್ಚುಕಡಿಮೆ ನೆಟ್ಟಗೆ ಮಾಡುತ್ತವೆ.