ಬೆಳದಿಂಗಳ ಶಾಲೆ ಮತ್ತು ಉಳಿದ 23 ಜನ

ಒಂದು ಲೆಕ್ಕದಿಂದ ಶುರು ಮಾಡ್ತೀನಿ. ಅಮೆರಿಕದ ಕೆಂಟಕಿ ರಾಜ್ಯದಲ್ಲಿ ರೋವನ್ ಅಂತ ಒಂದು ಗುಡ್ಡಗಾಡು ಕೌಂಟಿ, ಅಂದ್ರೆ ನಮ್ಮ ತಾಲ್ಲೂಕಿನ ತರದ್ದು, ಇದೆ, ನೂರು ವರ್ಷದ ಹಿಂದೆ ಅಲ್ಲಿನ ಜನಸಂಖ್ಯೆ ಹತ್ತು ಸಾವಿರದ ಒಳಗೆ. ಅದರಲ್ಲಿ ಓದು ಬರಹ ಬಾರದೋರು 1,152 ಜನ. 1911ರಲ್ಲಿ ದೊಡ್ಡೋರಿಗೆ ಓದು ಬರಹ ಕಲಿಸೋ ಬೆಳದಿಂಗಳ ಶಾಲೆ ಶುರುವಾಯ್ತು, ಎರಡು ಮೂರು ಸೀಸನ್ ಕಳೆಯೋ ಹೊತ್ತಿಗೆ ಉಳಿದಿದ್ದು 23. ಆ 23 ಜನ ಯಾಕೆ ಉಳಿದ್ರು ಅನ್ನೋದಕ್ಕೂ ಪಟ್ಟಿ ಇದೆ ನೋಡಿ. ಆರು ಜನಕ್ಕೆ ಕಣ್ಣು ಕಾಣ್ತಿರ್ಲಿಲ್ಲ ಇಲ್ಲಾ ದೃಷ್ಟಿ ತೀರಾ ಮಂದ, ಐದು ಜನ ಕಾಯಿಲೆಯಿಂದ ಹಾಸಿಗೆ ಹಿಡಿದೋರು, ಆರು ಜನ ಬುದ್ಧಿಮಾಂದ್ಯರು ಇಲ್ಲಾ ಮೂರ್ಛೆರೋಗದೋರು, ಇಬ್ಬರು ಕ್ಲಾಸ್ ಮುಗಿಯೋ ಟೈಮಿಗೆ ಬೇರೆ ಕಡೆಯಿಂದ ಬಂದು ನೆಲೆಸಿದೋರು, ಇನ್ನು ನಾಲ್ಕು ಜನ ಏನು ಮಾಡಿದ್ರೂ ಒಲ್ಲೆ ಅಂದೋರು.

ಈ ಪಟ್ಟಿ ಇಟ್ಟೋರು ಕೋರಾ ವಿಲ್ಸನ್ ಸ್ಟೀವರ್ಟ್, ಆ ಕೌಂಟಿಯ ಸ್ಕೂಲ್ ಸೂಪರಿಂಟೆಂಡೆಂಟ್. ನಮ್ಮ ಬಿಇಓ ತರದ ಹುದ್ದೆ ಅಂದ್ಕೊಳ್ಳಿ, ಆದ್ರೆ ಪರೀಕ್ಷೆ ಬರೆದು ಬರೋದಲ್ಲ, ಆಗ ಎಲೆಕ್ಷನ್‌ಗೆ ನಿಂತು ಗೆದ್ದು ಬರಬೇಕಿತ್ತು. ಈಯಮ್ಮ 1901ರಲ್ಲಿ ಗೆದ್ರು, ಆಮೇಲೆ 1909ರಲ್ಲಿ ಇನ್ನೊಂದು ಸಲ ಗೆದ್ರು. ತಮಾಷೆ ಏನಂದ್ರೆ ಆ ಕಾಲಕ್ಕೆ ಕೆಂಟಕಿಯ ಹೆಚ್ಚಿನ ಹೆಂಗಸರಿಗೆ ವೋಟೇ ಇರ್ಲಿಲ್ಲ, ಸ್ಕೂಲ್ ಎಲೆಕ್ಷನ್ನಲ್ಲಿ ವೋಟು ಸಿಕ್ಕಿದ್ದು 1912ರಲ್ಲಿ, ಅದೂ ಓದು ಬರಹ ಬಲ್ಲ ಹೆಂಗಸರಿಗೆ ಮಾತ್ರ. ಅಂದ್ರೆ ಗಂಡಸರ ವೋಟಲ್ಲೇ ಗೆದ್ದು ಬಂದಿದ್ದು.

ರೋವನ್ ಹೆಸರು ಆಗ ಹೊರಗಡೆ ಚೆನ್ನಾಗೇನೂ ಇರ್ಲಿಲ್ಲ. 1884ರಿಂದ 1887ರವರೆಗೆ ಅಲ್ಲಿ ಮಾರ್ಟಿನ್ ಮತ್ತು ಟಾಲಿವರ್ ಮನೆತನಗಳ ನಡುವೆ ದೊಡ್ಡ ಹಗೆ ಕಾಳಗ ಆಗಿತ್ತು, ಸುಮಾರು ಇಪ್ಪತ್ತು ಜನ ಸತ್ರು, ಕೌಂಟಿ ಕೇಂದ್ರ ಮೋರ್‌ಹೆಡ್ ಪಟ್ಟಣಕ್ಕೆ ರಾಜ್ಯದ ಸೈನ್ಯ ಬಂದು ಕೂತಿತ್ತು, ಈ ಕೌಂಟಿನೇ ರದ್ದು ಮಾಡಿಬಿಡೋಣ ಅನ್ನೋ ಮಾತೂ ಎದ್ದಿತ್ತು. 1887ರ ಜೂನ್‌ನಲ್ಲಿ ಕ್ರೇಗ್ ಟಾಲಿವರ್ ಗುಂಡೇಟಿಗೆ ಬಿದ್ದಾಗ ಕೋರಾಗೆ ಹನ್ನೆರಡು ವರ್ಷ. ಅದೇ ವರ್ಷ, ಆ ಗಲಾಟೆ ಆದ ಮೇಲೆ, ಚರ್ಚಿನೋರು ಅಲ್ಲೊಂದು ನಾರ್ಮಲ್ ಸ್ಕೂಲ್ ತೆಗೆದ್ರು, ಮೇಷ್ಟ್ರುಗಳನ್ನ ತಯಾರು ಮಾಡೋ ಶಾಲೆ. ಮುಂದೆ ಈಯಮ್ಮನೂ ಅಲ್ಲೇ ಓದಿದ್ದು. ಅಪ್ಪ ಡಾಕ್ಟ್ರು, ಅಮ್ಮ ಟೀಚರ್, ತಾವೂ ಇಪ್ಪತ್ತಕ್ಕೇ ಟೀಚರ್. ಮನೆ ಬದುಕು ಮಾತ್ರ ನೆಟ್ಟಗಾಗ್ಲಿಲ್ಲ, ಮದುವೆಗಳು ಮುರಿದವು, ಇದ್ದೊಬ್ಬ ಮಗ ವರ್ಷ ತುಂಬೋ ಮುಂಚೆ 1908ರಲ್ಲಿ ತೀರ್ಕೊಂಡ, 1910ರಲ್ಲಿ ಡೈವೋರ್ಸ್. ಅದರ ಮರುವರ್ಷ ಬೆಳದಿಂಗಳ ಶಾಲೆ.

ದೊಡ್ಡೋರಿಗೂ ಶಾಲೆ ಬೇಕು ಅನ್ನೋ ಯೋಚನೆ ಯಾವ್ದೋ ವರದಿ ಓದಿ ಬಂದಿದ್ದಲ್ಲ, ತನ್ನ ಆಫೀಸಿಗೆ ಬರ್ತಿದ್ದ ಜನರಿಂದ ಬಂದಿದ್ದು ಅಂತ ಅವರೇ ಬರೆದಿದ್ದಾರೆ. ಒಬ್ಬ ತಾಯಿ, ಅವಳ ಮಗಳು ಚಿಕಾಗೋದಲ್ಲಿ ದುಡೀತಿದ್ಲು. ಮಗಳ ಕಾಗದ ಬಂದಾಗೆಲ್ಲ ಈ ತಾಯಿ ಗುಡ್ಡ ಇಳಿದು, ಹಳ್ಳ ದಾಟಿ ಸೂಪರಿಂಟೆಂಡೆಂಟ್ ಹತ್ರ ಬಂದು ಓದಿಸ್ಕೊಂಡು ಉತ್ತರ ಬರೆಸ್ಕೊಂಡು ಹೋಗ್ತಿದ್ಲು. ಒಂದ್ಸಲ ಒಂದೂವರೆ ತಿಂಗಳು ಪತ್ತೆ ಇಲ್ಲ. ಆಮೇಲೆ ಬಂದ್ಲು, ಕೈಯಲ್ಲಿ ಕಾಗದ ಇತ್ತು, ಕೊಡಿ ಓದ್ತೀನಿ ಅಂತ ಕೋರಾ ಕೈ ಚಾಚಿದ್ರೆ ಬೇಡಮ್ಮ ಈಗ ನಂಗೇ ಓದೋಕೆ ಬರುತ್ತೆ ಅಂದ್ಬಿಟ್ಲು. ಹಳ್ಳ ತುಂಬಿದಾಗ ಬರೋಕಾಗ್ತಿರ್ಲಿಲ್ವಂತೆ, ಮಗಳಿಗೂ ತನಗೂ ನಡುವೆ ಗೋಡೆ ಎದ್ದಂಗೆ ಅನಿಸ್ತಿತ್ತಂತೆ, ಅದಕ್ಕೇ ಒಂದು ಕಾಗುಣಿತದ ಪುಸ್ತಕ ಕೊಂಡು ರಾತ್ರಿ ಒಲೆ ಬೆಳಕಲ್ಲಿ ಕೂತು ಕಲ್ತಿದ್ಲು. ಇನ್ನೊಬ್ಬ ನಡುವಯಸ್ಸಿನ ಗಂಡಸು, ಆಫೀಸಲ್ಲಿದ್ದ ಪುಸ್ತಕಗಳನ್ನ ಸುಮ್ನೆ ಮುಟ್ಟಿ ಮುಟ್ಟಿ ನೋಡ್ತಿದ್ದ, ಒಯ್ದು ಓದಿ ಅಂದ್ರೆ ಕಣ್ಣಲ್ಲಿ ನೀರು. ಮೂರನೆಯವನು ಒಬ್ಬ ಹುಡುಗ, ಲಾವಣಿ ಕಟ್ಟಿ ಹಾಡ್ತಿದ್ದ, ಅವನ ತಲೇಲಿ ಹುಟ್ಟಿದ ಎಷ್ಟೋ ಹಾಡು ಬರ್ಕೊಳ್ಳೋರು ಯಾರೂ ಸಿಗೋ ಮುಂಚೆನೇ ಮರ್ತೋಗ್ತಿದ್ವು. ಮೂರರಲ್ಲಿ ನಂಗೆ ಇದೇ ಜಾಸ್ತಿ ಕಾಡಿದ್ದು.

ಈಗ ಕೆಲಸದ ವಿಷಯ. ಹಗಲು ಇವರೆಲ್ಲ ಹೊಲದಲ್ಲೋ ಮರ ಕಡಿಯೋ ಕಡೆಯೋ ಇರೋರು, ರಾತ್ರಿ ಬನ್ನಿ ಅನ್ನೋಣ ಅಂದ್ರೆ ಗುಡ್ಡದ ದಾರಿ, ದೀಪ ಇಲ್ಲ, ಹಳ್ಳಕ್ಕೆ ಸೇತುವೆ ಇಲ್ಲ. ಅದಕ್ಕೆ ಬೆಳದಿಂಗಳು ಇರೋ ರಾತ್ರಿಗಳಲ್ಲಿ ಮಾತ್ರ ಶಾಲೆ. ಹೆಸರು ಕೇಳಿದ್ರೆ ಕವಿತೆ ಅನಿಸುತ್ತೆ, ಕಾರಣ ಮಾತ್ರ ಕಾಲು ಜಾರಬಾರ್ದು ಅನ್ನೋದಷ್ಟೇ. ಟೀಚರ್‌ಗಳಿಗೆ ಇದಕ್ಕೆ ಸಂಬಳ ಇಲ್ಲ, ಹಗಲು ಮಕ್ಕಳಿಗೆ ಪಾಠ ಮಾಡಿ ರಾತ್ರಿ ಅವರಪ್ಪ ಅಮ್ಮಂದಿರಿಗೆ ಪಾಠ. 1911ರ ಸೆಪ್ಟೆಂಬರ್ 4, ಅಲ್ಲಿನ ಕಾರ್ಮಿಕರ ದಿನದ ರಜೆ, ಅವತ್ತು ಟೀಚರ್‌ಗಳು ಮನೆ ಮನೆಗೆ ನಡೆದು ಹೋಗಿ ಕರೆದು ಬಂದ್ರು. ಮಾರನೇ ದಿನ ರಾತ್ರಿ ಶಾಲೆ ಬಾಗಿಲು ತೆಗೆದ್ರು. ಕೌಂಟಿ ಪೂರ್ತಿ ಸೇರಿ ನೂರೈವತ್ತು ಜನ ಬಂದ್ರೆ ಹೆಚ್ಚು ಅಂದ್ಕೊಂಡಿದ್ರಂತೆ, ಬಂದಿದ್ದು 1,200. ಹದಿನೆಂಟರಿಂದ ಎಂಬತ್ತಾರು ವರ್ಷದವರೆಗೆ.

ಪಾಠಕ್ಕೆ ಮಕ್ಕಳ ಪುಸ್ತಕ ಕೊಡ್ಲಿಲ್ಲ, ಇದು ನಂಗೆ ಅವರ ಅತಿ ಜಾಣ ನಿರ್ಧಾರ ಅನಿಸುತ್ತೆ. ಅರವತ್ತು ವರ್ಷದ ರೈತನ ಕೈಗೆ ಬೆಕ್ಕು ನಾಯಿ ಚಿತ್ರದ ಪುಸ್ತಕ ಕೊಟ್ರೆ ನಾಳೆಯಿಂದ ಅವನು ಬರಲ್ಲ. ಬದಲಿಗೆ ಒಂದು ಪುಟ್ಟ ನ್ಯೂಸ್‌ಪೇಪರ್ ಪ್ರಿಂಟ್ ಮಾಡಿಸಿದ್ರು, ಊರಿನದೇ ಸುದ್ದಿ, ಚಿಕ್ಕ ಚಿಕ್ಕ ವಾಕ್ಯ, ಅದೇ ಪದ ಮತ್ತೆ ಮತ್ತೆ. ನಾವು ಗೆಲ್ಲಬಹುದಾ, ಏನು ಗೆಲ್ಲಬಹುದು, ಬಹುಮಾನ ಗೆಲ್ಲಬಹುದಾ, ಹೌದು ಗೆಲ್ಲಬಹುದು, ಈ ತರ. ಮೊದಲನೇ ವಾರಕ್ಕೇ ಪೇಪರ್ ಓದಿದೆ ಅಂತ ಹೆಮ್ಮೆಯಿಂದ ಹೇಳ್ಕೋಬಹುದು. ಭೂಮಿ ಮೇಲಿನ ಅತಿ ಒಳ್ಳೆ ಜನ ಇರೋದು ರೋವನ್ ಕೌಂಟಿಲಿ ಅನ್ನೋ ಅರ್ಥದ ವಾಕ್ಯವೂ ಅಭ್ಯಾಸದ ಪಾಠದಲ್ಲಿತ್ತು. ಕೊಲೆಗಳಿಗೆ ಹೆಸರಾದ ಊರಿನೋರು ಕೂತು ಇದನ್ನ ತಿದ್ದಿ ತಿದ್ದಿ ಬರೀತಿದ್ರು ಅಂತ ನೆನೆಸ್ಕೊಳ್ಳಿ.

ಬರೆಯೋದನ್ನ ಕಲಿಸಿದ ರೀತಿ ಇನ್ನೂ ಚೆಂದ. ಮೆತ್ತನೆ ಬ್ಲಾಟಿಂಗ್ ಪೇಪರ್ ಮೇಲೆ ಅಕ್ಷರಗಳನ್ನ ಗೀರಿ ತಗ್ಗು ಮಾಡಿರೋರು, ನೇಗಿಲು ಹಿಡಿದು ಗಟ್ಟಿಯಾದ ಬೆರಳು ಪೆನ್ಸಿಲ್ ಹಿಡಿದ್ರೆ ನಡುಗುತ್ತಲ್ಲ, ಆ ತಗ್ಗಿನಲ್ಲಿ ಪೆನ್ಸಿಲ್ ಇಟ್ರೆ ಅದು ಆಚೆ ಈಚೆ ಜಾರಲ್ಲ, ಸಾಲಲ್ಲಿ ನೇಗಿಲು ಹೋದಂಗೆ ಹೋಗುತ್ತೆ. ಮೊದಲು ಕಲಿಸ್ತಿದ್ದಿದ್ದು ಅವರವರ ಹೆಸರು. ಅಲ್ಲಿ ಹೆಬ್ಬೆಟ್ಟು ಒತ್ತೋ ರೂಢಿ ಇಲ್ಲ, ಸಹಿ ಬಾರದೋರು ಕಾಗದದ ಮೇಲೆ ಒಂದು ಗುಣಾಕಾರದ ಗುರುತು ಎಳೆಯೋದು. ಆ ಗುರುತು ಹೋಗಿ ಹೆಸರು ಬಂದ್ರೆ ಅದೇ ದೊಡ್ಡ ಜಯ.

ಇಲ್ಲೇ ತಕರಾರು ಶುರುವಾಗೋದು. ಹೆಸರು ಬರೆದು ನಾಲ್ಕು ಸಾಲು ಓದಿದ್ರೆ ಸಾಕ್ಷರ ಅನ್ನಬಹುದಾ? ಆಗಿನ ಸೆನ್ಸಸ್ ಪ್ರಕಾರ ಅನ್ನಬಹುದು, ಯಾಕಂದ್ರೆ ಹತ್ತು ವರ್ಷ ಮೇಲ್ಪಟ್ಟೋರು ಯಾವ್ದಾದ್ರೂ ಒಂದು ಭಾಷೇಲಿ ಬರೀತೀನಿ ಅಂದ್ರೆ ಮುಗೀತು. ಆ ಲೆಕ್ಕದಲ್ಲಿ 1920ಕ್ಕೆ ಅಮೆರಿಕದಲ್ಲಿ ಅನಕ್ಷರಸ್ಥರು ನೂರಕ್ಕೆ 6 ಜನ. ಅದಕ್ಕೂ ಎರಡು ಮೂರು ವರ್ಷ ಮೊದಲು, ಮೊದಲನೇ ಮಹಾಯುದ್ಧದ ಟೈಮಲ್ಲಿ, ಸೈನ್ಯಕ್ಕೆ ಬಂದ ಹುಡುಗರನ್ನ ಪರೀಕ್ಷೆ ಮಾಡಿದ್ರೆ ಪೇಪರ್ ಓದಿ ಮನೆಗೊಂದು ಕಾಗದ ಬರೆಯೋಕೆ ಬಾರದೋರು ನೂರಕ್ಕೆ ಸುಮಾರು 25. ಒಂದೇ ದೇಶ, ಪ್ರಶ್ನೆ ಬೇರೆ ಆದಾಗ ಉತ್ತರ ನಾಲ್ಕು ಪಟ್ಟು. ರೋವನ್‌ನ 23ರ ಲೆಕ್ಕವನ್ನೂ ಇದೇ ಬೆಳಕಲ್ಲಿ ನೋಡ್ಬೇಕು, ಮೇಲಾಗಿ ಲೆಕ್ಕ ಹೇಳ್ತಿರೋರೂ ಕೆಲಸ ಮಾಡಿದೋರೂ ಒಬ್ಬರೇ.

ಆದ್ರೆ ನನ್ನ ಕೇಳಿದ್ರೆ ಆ ಪಟ್ಟಿಯ ಬೆಲೆ ಸಂಖ್ಯೆಯಲ್ಲಿಲ್ಲ, ಯಾವ ಕಣಿವೆಯ ಯಾವ ಮನೇಲಿ ಯಾರಿಗೆ ಓದೋಕೆ ಬರಲ್ಲ ಅಂತ ಸೂಪರಿಂಟೆಂಡೆಂಟ್‌ಗೆ ಗೊತ್ತಿತ್ತು ಅನ್ನೋದರಲ್ಲಿದೆ. ಸಣ್ಣ ಊರಿನ ಅಧಿಕಾರಿಗೆ ಮಾತ್ರ ಸಾಧ್ಯ ಆಗೋದು ಅದು. ಇಡೀ ರಾಜ್ಯಕ್ಕೆ ಹೋದಾಗ ಅದು ಕೈಬಿಟ್ಟು ಹೋಯ್ತು. 1914ರಲ್ಲಿ ಗವರ್ನರ್ ಮೆಕ್‌ಕ್ರಿಯರಿ ಕಾಲದಲ್ಲಿ ಕೆಂಟಕಿ ಅನಕ್ಷರತೆ ನಿವಾರಣೆಗೆ ಅಂತಾನೇ ಒಂದು ಆಯೋಗ ಮಾಡಿತು, ದೇಶದಲ್ಲೇ ಮೊದಲನೇದು, ಈಯಮ್ಮನೇ ಅದರ ಮುಖ್ಯಸ್ಥೆ. ಆಯೋಗ ಏನೋ ಕೊಟ್ರು, ಮೊದಮೊದಲು ದುಡ್ಡೇ ಕೊಡ್ಲಿಲ್ಲ, ಮಹಿಳಾ ಕ್ಲಬ್ಬುಗಳ ಚಂದಾದಲ್ಲಿ ನಡೀತು. 1920ರೊಳಗೆ ಕೆಂಟಕಿಯಲ್ಲಿ ಒಬ್ಬರೂ ಅನಕ್ಷರಸ್ಥರು ಇರಬಾರ್ದು ಅಂತ ಘೋಷಣೆ. ಕಪ್ಪು ಜನರಿಗೆ ಬೇರೆ ಶಾಲೆ, ಯಾಕಂದ್ರೆ 1904ರ ಒಂದು ಕಾನೂನು ಕಪ್ಪು ಬಿಳಿ ಜನ ಒಟ್ಟಿಗೆ ಕೂತು ಕಲಿಯೋದನ್ನೇ ಅಪರಾಧ ಮಾಡಿತ್ತು. ಗಡುವು ಬಂದಾಗ ಸೆನ್ಸಸ್ ಏನು ಹೇಳ್ತು ಅಂದ್ರೆ 1910ರಲ್ಲಿ ನೂರಕ್ಕೆ 12.1 ಇದ್ದಿದ್ದು 8.4ಕ್ಕೆ ಇಳಿದಿದೆ. ಇಳಿದಿದೆ, ಸೊನ್ನೆ ಆಗಿಲ್ಲ. ಅದೇ 1920ರಲ್ಲಿ ಶಾಸನಸಭೆ ಆಯೋಗವನ್ನ ಮುಂದುವರಿಸ್ಲೂ ಇಲ್ಲ.

ಆ ವರ್ಷವೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಆಯ್ಕೆಗೆ ಕೋರಾ ಹೆಸರಿಗೂ ಒಂದು ವೋಟು ಬಿತ್ತು, ಹೆಂಗಸರ ವೋಟಿಗೆ ಹೋರಾಡಿದ, ಕೆಂಟಕಿಯವರೇ ಆದ ಲಾರಾ ಕ್ಲೇಗೂ ಒಂದು. ಅಷ್ಟು ಹೆಸರು ಆಗಿತ್ತು. ಅಲಬಾಮಾ, ಓಕ್ಲಹೋಮಾ, ನಾರ್ತ್ ಕೆರೊಲಿನಾ ಅಂತ ಬೆಳದಿಂಗಳ ಶಾಲೆ ಹರಡಿತು. ಒಳ್ಳೆ ರಸ್ತೆ, ತೆರಿಗೆ ಯಾಕೆ ಕಟ್ಟಬೇಕು, ಹಣ್ಣಿನ ಮರಕ್ಕೆ ಔಷಧಿ ಹೊಡೆಯೋದು ಇಂಥದ್ದನ್ನೇ ಪಾಠ ಮಾಡಿ ಅವರು ಬರೆದ ರೀಡರ್‌ಗಳು 1915ರಿಂದ ಬಂದವು, ಯುದ್ಧದ ಟೈಮಲ್ಲಿ ಸೈನಿಕರಿಗೆ ಅಂತಾನೇ ಇನ್ನೊಂದು. 1929ರಲ್ಲಿ ಅಧ್ಯಕ್ಷ ಹೂವರ್ ಅನಕ್ಷರತೆ ಬಗ್ಗೆ ಮಾಡಿದ ರಾಷ್ಟ್ರೀಯ ಸಮಿತಿಗೆ ಕೋರಾನ ತಗೊಂಡ್ರು. ಆದ್ರೆ ಅಷ್ಟೊತ್ತಿಗೆ ವಯಸ್ಕರ ಶಿಕ್ಷಣ ಅನ್ನೋದು ಯೂನಿವರ್ಸಿಟಿಯವರ ವಿಷಯ ಆಗಿತ್ತು, ಅವರಿಗೆ ಕೆಲವೇ ವಾರದ ಈ ಕಲಿಕೆ ಅರೆಬೆಂದ ಅನ್ನ. ಈಯಮ್ಮಂಗೆ ಅವರ ಮೇಲೆ ಸಿಟ್ಟು, ಸಂಬಳ ಇಲ್ದೆ ಬರೋ ಟೀಚರ್ರೇ ಸಾಕು ಅನ್ನೋ ಹಠ ಬಿಡ್ಲೇ ಇಲ್ಲ. ಮೊದಲ ಪಾಠ ಆದ್ಮೇಲೆ ಎರಡನೇ ಪಾಠಕ್ಕೆ ಸಂಬಳದ ಮೇಷ್ಟ್ರೇ ಬೇಕು ಅಂತ ನಂಗನಿಸುತ್ತೆ, ಆದ್ರೆ ಆ ಮೊದಲ ಪಾಠಕ್ಕೆ ಗುಡ್ಡ ಹತ್ತಿ ಮನೆ ಬಾಗಿಲಿಗೆ ಹೋಗಿ ಕರೆದೋರು ಯೂನಿವರ್ಸಿಟಿಯೋರಲ್ಲ ಅನ್ನೋದನ್ನೂ ಮರೀಬಾರ್ದು.

ಆಮೇಲೆ ಅವರು ಧಾರ್ಮಿಕ ಚಳವಳಿ ಕಡೆ ತಿರುಗಿದ್ರು. ಮೋರ್‌ಹೆಡ್‌ನಲ್ಲಿ ಬೆಳದಿಂಗಳ ಶಾಲೆಯ ಒಂದು ಹಳೇ ಕಟ್ಟಡ ಉಳಿಸ್ಕೊಂಡಿದ್ದಾರೆ. ಕೋರಾ ತೀರ್ಕೊಂಡಿದ್ದು 1958ರ ಡಿಸೆಂಬರ್ 2ರಂದು, ನಾರ್ತ್ ಕೆರೊಲಿನಾದ ಟ್ರಯಾನ್ ಊರಲ್ಲಿ, ಎಂಬತ್ಮೂರು ವರ್ಷ. ಕಡೇ ಕಾಲದಲ್ಲಿ ಗ್ಲಾಕೋಮಾದಿಂದ ಕಣ್ಣು ಪೂರ್ತಿ ಹೋಗಿತ್ತು. ಅವರದೇ ಆ ಹಳೇ ಪಟ್ಟಿ ತೆಗೆದು ನೋಡಿದ್ರೆ, ಮೊದಲನೇ ಸಾಲಿನ ಆ ಆರು ಜನರ ಜೊತೆ.