ಮೈಕ್ ಹಾಕುವ ಹಕ್ಕು, ಮಲಗುವ ಹಕ್ಕು: ಶಬ್ದ ನಿಯಮಗಳನ್ನು ಓದುವ ಬಗೆ

ಪರೀಕ್ಷೆಯಲ್ಲಿ ವ್ಯಕ್ತಿ ಸ್ವಾತಂತ್ರ್ಯ ಮತ್ತು ಸರ್ಕಾರಿ ನಿಯಂತ್ರಣದ ಬಗ್ಗೆ ಪ್ರಶ್ನೆ ಬಂದರೆ ಹೆಚ್ಚಿನ ಉತ್ತರಗಳು "ಎರಡರ ನಡುವೆ ಸಮತೋಲನ ಬೇಕು" ಎಂಬಲ್ಲಿಗೆ ಬಂದು ನಿಂತುಬಿಡುತ್ತವೆ. ಆ ಸಮತೋಲನ ಎಷ್ಟು ಡೆಸಿಬಲ್‌ಗೆ, ಎಷ್ಟು ಗಂಟೆಯವರೆಗೆ, ಯಾರ ಕಾಂಪೌಂಡ್ ಗೋಡೆಯ ಬಳಿ ಎಂದು ಅಂಕಿಯಲ್ಲೇ ಬರೆದಿಟ್ಟ ಕಾನೂನೊಂದು ನಮ್ಮಲ್ಲಿದೆ: 2000ನೇ ಇಸವಿಯ ಶಬ್ದ ಮಾಲಿನ್ಯ (ನಿಯಂತ್ರಣ ಮತ್ತು ಹತೋಟಿ) ನಿಯಮಗಳು. ಇದೊಂದನ್ನು ಸರಿಯಾಗಿ ಓದಿಕೊಂಡರೆ ಪ್ಲಾಸ್ಟಿಕ್, ಪಟಾಕಿ, ಕೊಳವೆಬಾವಿ ಯಾವ ವಿಷಯ ಬಂದರೂ ಅದೇ ಚೌಕಟ್ಟಿನಲ್ಲಿ ಬರೆಯಬಹುದು.

ಎರಡೂ ಕಡೆ ಹಕ್ಕೇ ಇದೆ

ಮೈಕ್ ಹಾಕುವವರ ಕಡೆ ಸಂವಿಧಾನದ 19(1)(ಎ) ವಾಕ್ ಸ್ವಾತಂತ್ರ್ಯ ಇದೆ. ಡಿಜೆ, ಶಾಮಿಯಾನದವರಿಗೆ 19(1)(ಜಿ) ವೃತ್ತಿ ಸ್ವಾತಂತ್ರ್ಯ, ದೇವಸ್ಥಾನ, ಮಸೀದಿ, ಚರ್ಚುಗಳಿಗೆ 25ನೇ ವಿಧಿಯ ಧಾರ್ಮಿಕ ಸ್ವಾತಂತ್ರ್ಯ. ಪಕ್ಕದ ಮನೆಯವರ ಕಡೆ 21ನೇ ವಿಧಿ, ಅಂದರೆ ನೆಮ್ಮದಿಯಿಂದ ಬದುಕುವ ಹಕ್ಕು. ಜತೆಗೆ ಪರಿಸರ ಕಾಪಾಡುವ ಹೊಣೆಯನ್ನು 48ಎ ಸರ್ಕಾರಕ್ಕೂ 51ಎ(ಜಿ) ನಾಗರಿಕರಿಗೂ ಹೊರಿಸಿವೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಬಹಳ ಜನ ಗಮನಿಸುವುದಿಲ್ಲ. 25ನೇ ವಿಧಿ ಶುರುವಾಗುವುದೇ "ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು" ಎಂದು. ವೃತ್ತಿ ಸ್ವಾತಂತ್ರ್ಯಕ್ಕೆ ಮಿತಿ ಹಾಕುವ 19(6)ರಲ್ಲಿ "ಸಾರ್ವಜನಿಕ ಹಿತ" ಇದೆ. ಆದರೆ ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕುವ 19(2)ರ ಪಟ್ಟಿಯಲ್ಲಿ ಆರೋಗ್ಯವೂ ಇಲ್ಲ, ಪರಿಸರವೂ ಇಲ್ಲ. ಹಾಗಾದರೆ ಮೈಕಿಗೆ ಮಿತಿ ಹೇಗೆ ನಿಂತಿತು? 2005ರ ಶಬ್ದ ಮಾಲಿನ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಿಡಿದ ದಾರಿ ಬೇರೆ. ಮಾತನಾಡುವ ಹಕ್ಕಿನಲ್ಲಿ ಇನ್ನೊಬ್ಬರ ಕಿವಿಗೆ ಬಲವಂತವಾಗಿ ತುಂಬುವ ಹಕ್ಕು ಸೇರಿಲ್ಲ. ಕೇಳುವುದಿಲ್ಲ ಎನ್ನುವ ಹಕ್ಕು ಆಚೆಯವನಿಗೂ ಇದೆ. ಅಂದರೆ ಕತ್ತರಿ ಬಿದ್ದದ್ದು ಮಾತಿಗಲ್ಲ, ಅದನ್ನು ಹಿಗ್ಗಿಸುವ ಯಂತ್ರಕ್ಕೆ. ಇದಕ್ಕೂ ಮೊದಲು, 2000ದಲ್ಲಿ, ಚೆನ್ನೈನ ಚರ್ಚೊಂದರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಇತರರ ಶಾಂತಿ ಕೆಡಿಸಿ ಪ್ರಾರ್ಥನೆ ಮಾಡಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದಿತ್ತು.

ಅಂಕಿಗಳು

ಹಗಲು ಎಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಮಿತಿಗಳು ಡೆಸಿಬಲ್‌ನಲ್ಲಿ, ಹಗಲು/ರಾತ್ರಿ ಕ್ರಮದಲ್ಲಿ:

ಕೈಗಾರಿಕಾ ಪ್ರದೇಶ 75/70
ವಾಣಿಜ್ಯ ಪ್ರದೇಶ 65/55
ವಸತಿ ಪ್ರದೇಶ 55/45
ನಿಶ್ಶಬ್ದ ವಲಯ 50/40

ನಿಶ್ಶಬ್ದ ವಲಯ ಎಂದರೆ ಆಸ್ಪತ್ರೆ, ಶಾಲೆ ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್ ಎಂದು ಹಳೆಯ ನೋಟ್ಸ್‌ಗಳಲ್ಲಿ ಇರುತ್ತದೆ. 2017ರ ಆಗಸ್ಟ್ ತಿದ್ದುಪಡಿಯ ನಂತರ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಯಾವ ಜಾಗವೂ ತಾನಾಗಿಯೇ ನಿಶ್ಶಬ್ದ ವಲಯವಾಗುವುದಿಲ್ಲ. ಇದು ರೋಗಿಗಳ ಪಾಲಿಗೆ ಹಿಂದಕ್ಕಿಟ್ಟ ಹೆಜ್ಜೆ ಎಂದೇ ನನ್ನ ಅಭಿಪ್ರಾಯ.

ಮೈಕ್ ಹಾಕಲು ಲಿಖಿತ ಅನುಮತಿ ಬೇಕು. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಅದರ ಶಬ್ದ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಲೆಕ್ಕ ಹಾಕಿ ನೋಡಿ: ವಸತಿ ಪ್ರದೇಶದಲ್ಲಿ ಹಗಲು 55+10, ಅಂದರೆ 65. ಕೈಗಾರಿಕಾ ಪ್ರದೇಶದಲ್ಲಿ 75+10 ಸೇರಿ 85 ಆಗುತ್ತದೆ, ಆದರೆ 75ಕ್ಕೇ ನಿಲ್ಲಬೇಕು. ಖಾಸಗಿ ಜಾಗದ ಗಡಿಯಲ್ಲಿ ಹೆಚ್ಚುವರಿ 5 ಮಾತ್ರ.

ರಾತ್ರಿ 10ರ ನಂತರ ಮುಚ್ಚಿದ ಸಭಾಂಗಣದೊಳಗೆ ಅಥವಾ ತುರ್ತು ಸಂದರ್ಭದಲ್ಲಿ ಬಿಟ್ಟರೆ ಮೈಕ್ ಇಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ 10ರಿಂದ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಈ ಅಧಿಕಾರವನ್ನು ಕೆಳಗಿನ ಅಧಿಕಾರಿಗೆ ವಹಿಸಿಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಹಾಗಾಗಿ "ಠಾಣೆಯಲ್ಲಿ ಹೇಳಿದ್ದೇವೆ, 12ರವರೆಗೆ ಬಿಟ್ಟಿದ್ದಾರೆ" ಎಂಬ ಮಾತಿಗೆ ಕಾನೂನಿನ ಬಲವಿಲ್ಲ.

ಡೆಸಿಬಲ್ ಲೆಕ್ಕದಲ್ಲಿ ಎಡವುವುದು ಎಲ್ಲಿ

ಡೆಸಿಬಲ್ ಸಾದಾ ಕೂಡಿಸುವ ಕಳೆಯುವ ಅಂಕಿಯಲ್ಲ. 3 ಡೆಸಿಬಲ್ ಏರಿದರೆ ಶಬ್ದಶಕ್ತಿ ಎರಡು ಪಟ್ಟು, 10 ಏರಿದರೆ ಹತ್ತು ಪಟ್ಟು. ಒಂದೇ ಬಗೆಯ ಎರಡು ಸ್ಪೀಕರ್ ಇಟ್ಟರೆ 80 ಇದ್ದದ್ದು 160 ಆಗುವುದಿಲ್ಲ, 83 ಆಗುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. 1 ಮೀಟರ್‌ನಲ್ಲಿ 100 ಇರುವ ಸ್ಪೀಕರ್ 10 ಮೀಟರ್‌ನಲ್ಲಿ 80, 100 ಮೀಟರ್‌ನಲ್ಲಿ 60. ಅದು ವಸತಿ ಪ್ರದೇಶದ ರಾತ್ರಿಯ 45ಕ್ಕೆ ಇಳಿಯಬೇಕಾದರೆ ಸುಮಾರು 560 ಮೀಟರ್ ಬೇಕು. ಒಂದು ಬೀದಿಯ ಸಂಭ್ರಮ ನಾಲ್ಕು ಬೀದಿಯ ನಿದ್ದೆ ಕೆಡಿಸುವುದು ಹೀಗೆ.

ಮಿತಿಗಳು ಇಡೀ ಹಗಲಿನ ಅಥವಾ ಇಡೀ ರಾತ್ರಿಯ ಸರಾಸರಿ, ಅದೂ ಶಕ್ತಿಯ ಸರಾಸರಿ. 16 ಗಂಟೆಯ ಹಗಲಿನಲ್ಲಿ 2 ಗಂಟೆ 80 ಡೆಸಿಬಲ್, ಉಳಿದ 14 ಗಂಟೆ 50 ಇತ್ತೆನ್ನಿ. ಶಾಲೆಯಲ್ಲಿ ಕಲಿತ ಸರಾಸರಿ ತೆಗೆದರೆ 53.75 ಬರುತ್ತದೆ, ವಸತಿ ಪ್ರದೇಶದ 55ರ ಒಳಗೇ. ಶಕ್ತಿಯ ಸರಾಸರಿ ತೆಗೆದರೆ 71. ಮೊದಲ ಲೆಕ್ಕದಲ್ಲಿ ತಪ್ಪೇ ನಡೆದಿಲ್ಲ, ಎರಡನೆಯದರಲ್ಲಿ ಮಿತಿಗಿಂತ 16 ಡೆಸಿಬಲ್ ಹೆಚ್ಚು. ಯಾವ ಲೆಕ್ಕ ಹಾಕಿದರು ಎಂಬುದರ ಮೇಲೆ ಒಬ್ಬರ ಹಕ್ಕು ನಿಂತಿದೆ ಅಥವಾ ಬಿದ್ದಿದೆ.

ಅಳೆಯುವಾಗಲೂ ಜಾಗ್ರತೆ ಬೇಕು. ಶಬ್ದ ಅಳೆಯುವ ಮೀಟರ್ 'ಎ' ತೂಕದಲ್ಲಿರಬೇಕು (ಮನುಷ್ಯನ ಕಿವಿ ಕೇಳುವ ಬಗೆಗೆ ಹೊಂದಿಸಿದ ಅಳತೆ), ನೆಲದಿಂದ 1.2ರಿಂದ 1.5 ಮೀಟರ್ ಎತ್ತರದಲ್ಲಿ ಹಿಡಿಯಬೇಕು. ಗೋಡೆಗೆ ಹತ್ತಿರ ನಿಂತರೆ ಪ್ರತಿಫಲನದಿಂದಲೇ 3 ಡೆಸಿಬಲ್‌ವರೆಗೆ ಹೆಚ್ಚು ತೋರಿಸುತ್ತದೆ. ಮೈಕ್ ಆಫ್ ಮಾಡಿಸಿ ಹಿನ್ನೆಲೆ ಶಬ್ದವನ್ನೂ ಅಳೆಯಬೇಕು. ಆನ್, ಆಫ್ ನಡುವಿನ ವ್ಯತ್ಯಾಸ 3ಕ್ಕಿಂತ ಕಡಿಮೆಯಿದ್ದರೆ ಆ ಅಳತೆಯಿಂದ ಮೈಕಿನ ಮೇಲೆ ತಪ್ಪು ಹೊರಿಸಲಾಗದು, ಅದು ರಸ್ತೆಯ ಗದ್ದಲವೂ ಇರಬಹುದು. ಮೊಬೈಲ್ ಆ್ಯಪ್ ನಿಮ್ಮ ಅಂದಾಜಿಗೆ ಸಾಕು, ಸಾಕ್ಷ್ಯಕ್ಕೆ ಸಾಲದು.

ನಾನು ಈ ಟಿಪ್ಪಣಿಯಲ್ಲಿ ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಅಳೆಯದೆ ಜಾರಿ ಮಾಡಿದ ಮಿತಿ ಎರಡೂ ಕಡೆಯವರಿಗೆ ಅನ್ಯಾಯ. ಮೀಟರ್ ಇಲ್ಲದೆ ಬಂದ ಅಧಿಕಾರಿ ಒಬ್ಬರ ಮೈಕ್ ಕಿತ್ತುಕೊಂಡು ಇನ್ನೊಬ್ಬರದನ್ನು ಬಿಟ್ಟರೆ ಪ್ರಶ್ನಿಸಲು ಯಾರ ಕೈಯಲ್ಲೂ ಅಂಕಿ ಇರುವುದಿಲ್ಲ. ಸ್ವಾತಂತ್ರ್ಯಕ್ಕೆ ಅಪಾಯ ಬರುವುದು 55 ಎಂಬ ಅಂಕಿಯಿಂದಲ್ಲ, ಆ ಅಂಕಿಯ ಬದಲು ಅಧಿಕಾರಿಯ ಮರ್ಜಿ ಕೆಲಸ ಮಾಡಿದಾಗ.

ದೂರು ಕೊಡುವ ಕ್ರಮ

ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದಾಗ, ಅಥವಾ ರಾತ್ರಿಯ ನಿರ್ಬಂಧ ಮುರಿದಾಗ ದೂರು ಕೊಡಬಹುದು. ನಿಯಮದಲ್ಲಿ ಹೇಳಿರುವ ಪ್ರಾಧಿಕಾರ ಎಂದರೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಪೊಲೀಸ್ ಕಮಿಷನರ್ ಅಥವಾ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ರಾತ್ರಿ ತಕ್ಷಣಕ್ಕೆ 112ಕ್ಕೆ ಕರೆ ಮಾಡಿ, ಮರುದಿನ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ದಿನಾಂಕ, ಶುರುವಾದ ಮತ್ತು ನಿಂತ ಸಮಯ, ಜಾಗ ಯಾವ ವಲಯಕ್ಕೆ ಸೇರಿದ್ದು, ನಿಮ್ಮ ಮನೆಗೆ ಎಷ್ಟು ದೂರ, ಇಷ್ಟು ದೂರಿನಲ್ಲಿರಲಿ. "ತುಂಬಾ ಜೋರಾಗಿ" ಎಂದಷ್ಟೇ ಬರೆದ ದೂರು ಫೈಲಿನಲ್ಲೇ ಉಳಿಯುತ್ತದೆ. ಸಾರ್ವಜನಿಕ ಉಪದ್ರವ ತಡೆಯುವ ಆದೇಶಕ್ಕೆ ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 133 ಇತ್ತು, ಈಗ ಬಿಎನ್ಎಸ್ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 152.

ಶಿಕ್ಷೆಯ ಭಾಗದಲ್ಲಿ ಹಳೆಯ ನೋಟ್ಸ್ ನಂಬಬೇಡಿ. ಈ ನಿಯಮಗಳಿಗೆ ಆಧಾರವಾದ ಪರಿಸರ (ಸಂರಕ್ಷಣೆ) ಕಾಯ್ದೆ 1986ರ 15ನೇ ಸೆಕ್ಷನ್‌ನಲ್ಲಿದ್ದ 5 ವರ್ಷದವರೆಗಿನ ಜೈಲನ್ನು ಜನ ವಿಶ್ವಾಸ್ ಕಾಯ್ದೆ 2023 ತೆಗೆದುಹಾಕಿದೆ. 2024ರ ಏಪ್ರಿಲ್ 1ರಿಂದ ಅದರ ಜಾಗದಲ್ಲಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಇದೆ.

ಅನುಪಾತ ಪರೀಕ್ಷೆ

ಖಾಸಗಿತನದ ಹಕ್ಕಿನ ಕುರಿತ ಸುಪ್ರೀಂ ಕೋರ್ಟಿನ ಪುಟ್ಟಸ್ವಾಮಿ ತೀರ್ಪಿನ (2017) ನಂತರ ಯಾವುದೇ ನಿರ್ಬಂಧವನ್ನು ಹೀಗೆ ಪರೀಕ್ಷಿಸಬಹುದು: ಹಿಂದೆ ಕಾನೂನಿದೆಯೇ, ಉದ್ದೇಶ ನ್ಯಾಯಸಮ್ಮತವೇ, ಉದ್ದೇಶಕ್ಕೂ ಕ್ರಮಕ್ಕೂ ಸಂಬಂಧವಿದೆಯೇ, ಇದಕ್ಕಿಂತ ಕಡಿಮೆ ಕತ್ತರಿಸುವ ದಾರಿ ಇತ್ತೇ, ದುರುಪಯೋಗಕ್ಕೆ ತಡೆ ಇದೆಯೇ. ಪಟಾಕಿ ತೀರ್ಪು (2018ರ ಅಕ್ಟೋಬರ್ 23) ನಾಲ್ಕನೆಯ ಪ್ರಶ್ನೆಗೆ ಒಳ್ಳೆಯ ಉದಾಹರಣೆ. ಪೂರ್ತಿ ನಿಷೇಧ ಕೇಳಿದ್ದರು, ತಯಾರಕರು ಜೀವನೋಪಾಯದ ಹಕ್ಕನ್ನು ಮುಂದಿಟ್ಟಿದ್ದರು. ನ್ಯಾಯಾಲಯ ಸರಪಟಾಕಿಯನ್ನೂ ಬೇರಿಯಂ ಲವಣವನ್ನೂ ನಿಷೇಧಿಸಿ, ಹಸಿರು ಪಟಾಕಿಗೆ ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಅವಕಾಶ ಕೊಟ್ಟಿತು.

ಕಷ್ಟದ ಉದಾಹರಣೆ ಬೇಕಿದ್ದರೆ ಕರಾವಳಿಯ ಬಯಲಾಟ, ಅಂದರೆ ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನ ತೆಗೆದುಕೊಳ್ಳಿ. ಚೌಕಿಪೂಜೆಯಿಂದ ಬೆಳಗಿನ ಮಂಗಳದವರೆಗೆ ಹೋಗುವ ಆಟಕ್ಕೆ 12 ಗಂಟೆಯವರೆಗಿನ ಸಡಿಲಿಕೆ ಸಾಲದು. ಒಂದು ಮೇಳ ಅರ್ಧ ವರ್ಷ ತಿರುಗಾಟ ನಡೆಸುವಾಗ 15 ದಿನ ಯಾವ ಲೆಕ್ಕಕ್ಕೂ ಬಾರದು. ಮೈಕ್ ತೆಗೆದರೂ ಬಿಡುಗಡೆಯಿಲ್ಲ, ಏಕೆಂದರೆ 2010ರ ತಿದ್ದುಪಡಿ ಧ್ವನಿವರ್ಧಕದ ಜತೆ ವಾದ್ಯಗಳನ್ನೂ ಸೇರಿಸಿದೆ. ಚೆಂಡೆಯೂ ಅದರೊಳಗೆ ಬಂತು. ಗದ್ದೆ ನಡುವಿನ ರಂಗಸ್ಥಳಕ್ಕೂ ಆಸ್ಪತ್ರೆ ಪಕ್ಕದ ಡಿಜೆಗೂ ಒಂದೇ ಗಡಿಯಾರ. ಕಾಲಮಿತಿ ಯಕ್ಷಗಾನ ಇದಕ್ಕೊಂದು ಉತ್ತರವೇನೋ ಹೌದು, ಆದರೆ ಪ್ರಸಂಗ ಕತ್ತರಿಸಿದಾಗ ಪದ್ಯಗಳೂ ಹೋಗುತ್ತವೆ. ಇಂಥಲ್ಲಿ ಗಂಟೆಯ ಮಿತಿಗಿಂತ ಹತ್ತಿರದ ಮನೆಯ ಅಂಗಳದಲ್ಲಿ ಅಳೆದ ಡೆಸಿಬಲ್ ಮಿತಿ ಹೆಚ್ಚು ನ್ಯಾಯವಾದದ್ದು ಎಂದು ನನಗನ್ನಿಸುತ್ತದೆ. ಪರೀಕ್ಷೆಯಲ್ಲಿ ಹೀಗೆ ಬರೆಯುವುದಾದರೆ ಮೊದಲು ಈಗಿರುವ ನಿಯಮ ಇದಕ್ಕೆ ಜಾಗ ಕೊಟ್ಟಿಲ್ಲವೆಂದು ಸ್ಪಷ್ಟವಾಗಿ ಹೇಳಿ, ಆಮೇಲೆ ನಾಲ್ಕನೆಯ ಪ್ರಶ್ನೆಯ ಕೆಳಗೆ ಈ ವಾದ ಇಡಿ.