ಇಸಾಕ್ ಕುಲ: ನೂರು ಒಂಟೆಯ ಲೆಕ್ಕ

ಸೊಮಾಲಿ ಮಕ್ಕಳು ಅಪ್ಪ, ಅಜ್ಜ, ಮುತ್ತಜ್ಜ ಎಂದು ಹಿಂದಿನ ತಲೆಮಾರುಗಳ ಹೆಸರನ್ನು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡುತ್ತಾರೆ. ಇದೇ ‘ಅಬ್ತಿರ್ಸಿ’. ಇಬ್ಬರು ಅಪರಿಚಿತರು ಹೆಸರು ಹೇಳುತ್ತ ಹೋದರೆ ಎಲ್ಲೋ ಒಬ್ಬ ಅಜ್ಜನಲ್ಲಿ ಕೂಡುತ್ತಾರೆ. ಆ ಅಜ್ಜ ಎಷ್ಟು ಹತ್ತಿರವೋ ಪರಸ್ಪರ ಹೊಣೆ ಅಷ್ಟು ದೊಡ್ಡದು. ನಮ್ಮ ಬೆಡಗು, ಬಳಿಗಳು ಹೆಚ್ಚಾಗಿ ನೆನಪಾಗುವುದು ಮದುವೆಯ ಮಾತಿನಲ್ಲಿ. ಸೊಮಾಲಿಗಳಲ್ಲಿ ಕೊಲೆಯ ಪರಿಹಾರಕ್ಕೂ ಚುನಾವಣೆಯ ಮತಕ್ಕೂ ಕುಲ ಬೇಕು.

ಸೊಮಾಲಿಯದಿಂದ ಬೇರೆಯಾದೆನೆಂದು ಸಾರಿಕೊಂಡ ಸೊಮಾಲಿಲ್ಯಾಂಡಿನ ಅತಿ ದೊಡ್ಡ ಕುಲ ಇಸಾಕ್. ಅರೇಬಿಯದಿಂದ ಬಂದ ಶೇಖ್ ಇಸಾಕ್ ಮೂಲಪುರುಷನೆಂಬುದು ಅವರ ನಂಬಿಕೆ. ಕಡಲತೀರದ ಮೈದ್ ಊರಿನಲ್ಲಿ ಅವನ ಗೋರಿಯಿದೆ. ತಂದೆಯಿಂದ ವಂಶ ಎಣಿಸುವ ಈ ಕುಲದ ದೊಡ್ಡ ಕವಲುಗಳ ಹೆಸರು ಮಾತ್ರ ‘ಹಬರ್’, ಅಂದರೆ ತಾಯಿ ಎಂಬ ಪದದಿಂದ ಶುರುವಾಗುತ್ತದೆ: ಹಬರ್ ಅವಲ್, ಹಬರ್ ಜೆಲೊ, ಹಬರ್ ಯೂನಿಸ್. ಕಥೆಯ ತಾಯಂದಿರು ಆಫ್ರಿಕದವರೇ.

ವಂಶವಾಹಿಗಳು ತಂದೆಯ ಕಡೆಗೂ ಬೇರೆ ಮಾತು ಹೇಳುತ್ತವೆ. ತಂದೆಯಿಂದ ಮಗನಿಗಷ್ಟೇ ಹೋಗುವ ವೈ ವರ್ಣತಂತುವನ್ನು 201 ಸೊಮಾಲಿ ಗಂಡಸರಲ್ಲಿ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 77.6 ಮಂದಿ ಈಶಾನ್ಯ ಆಫ್ರಿಕದಲ್ಲಿ ಬೇರೂರಿದ ‘ಇ’ ಗುಂಪಿನ ಒಂದು ಕವಲಿಗೆ ಸೇರಿದ್ದರು. ಅದು ಇಸಾಕರನ್ನಷ್ಟೇ ನೋಡಿದ ಅಧ್ಯಯನವಲ್ಲ; ಅರಬ್ ಪೂರ್ವಜನೇ ಇರಲಿಲ್ಲ ಎಂದು ಅದರಿಂದ ಸಾಧಿಸಲಾಗದು. ಆದರೆ ಇಸ್ಲಾಂ ಹರಡಿದ ತೀರದಲ್ಲಿ ಅರಬ್ ಮೂಲವೆಂದರೆ ಮರ್ಯಾದೆ. ವಂಶಾವಳಿ ರಕ್ತದ ದಾಖಲೆಗಿಂತ ಒಪ್ಪಂದದ ದಾಖಲೆ ಎನ್ನುವುದೇ ಸರಿ.

ಆ ಒಪ್ಪಂದದ ತಿರುಳು ‘ಮಾಗ್’, ಅಂದರೆ ಹತ್ಯೆಯ ಪರಿಹಾರ. ವಾಡಿಕೆಯಂತೆ ಗಂಡಸಿಗೆ 100 ಒಂಟೆ, ಹೆಂಗಸಿಗೆ 50. ಕೊಂದವನೊಬ್ಬನೇ ಇಷ್ಟು ಎಲ್ಲಿಂದ ತರಬೇಕು? ಕೆಲವು ನೂರರಿಂದ ಕೆಲವು ಸಾವಿರದವರೆಗಿನ ಗಂಡಸರ ಗುಂಪು ವಂತಿಗೆ ಹಾಕಿ ತುಂಬುತ್ತದೆ, ಬಂದಾಗ ಹಂಚಿಕೊಳ್ಳುತ್ತದೆ. ತೀರ ಹತ್ತಿರದ ನೆಂಟರ ಪಾಲಿಗೆ ‘ಜಿಫೊ’ ಎಂಬ ಬೇರೆ ಹೆಸರೇ ಇದೆ. ಮಳೆ ನಂಬಲಾಗದ ನೆಲದಲ್ಲಿ ಇದು ವಿಮೆ. ದಂಡ ತನ್ನ ತಲೆಗೂ ಬರುವುದರಿಂದ ಪುಂಡನನ್ನು ಗುಂಪೇ ಹಿಡಿದಿಡುತ್ತದೆ. ಎಡವಟ್ಟಾಗುವುದು ಸಣ್ಣ ಗುಂಪುಗಳ ಪಾಲಿಗೆ: ವಸೂಲಿಗೆ ಬೇಕಾದ ಬಲವಿಲ್ಲದಿದ್ದರೆ ನ್ಯಾಯ ಮಾತಿಗಷ್ಟೇ. ಅತ್ಯಾಚಾರದಂಥ ಪ್ರಕರಣದಲ್ಲಿ ಪರಿಹಾರ ನೊಂದವಳ ಕೈಗಲ್ಲ, ಬಂಧುಗಳ ಕೈಗೆ ಸೇರುವುದುಂಟು.

ಬೆರ್ಬೆರಾ ಬಂದರಿನಲ್ಲಿ ಹಬರ್ ಅವಲ್ ಕವಲಿನ ಪ್ರಭಾವಕ್ಕೆ ಅಡಿಪಾಯ ವ್ಯಾಪಾರ. ಅಕ್ಟೋಬರಿನಿಂದ ಏಪ್ರಿಲ್‌ವರೆಗಿನ ಸಂತೆಗೆ ಹಾಯಿಹಡಗುಗಳಲ್ಲಿ ಭಾರತದ ಬನಿಯಾಗಳೂ ಬರುತ್ತಿದ್ದರು. ಪರದೇಶದ ವರ್ತಕನಿಗೆ ಸ್ಥಳೀಯ ‘ಅಬ್ಬಾನ್’, ಎಂದರೆ ರಕ್ಷಕ-ದಲ್ಲಾಳಿ, ಇರಲೇಬೇಕು. ಆ ಹಕ್ಕಿಗಾಗಿ ಒಂದೇ ಕವಲಿನ ಎರಡು ಮನೆತನಗಳು ಹೊಡೆದಾಡಿದವು. 1884ರಿಂದ ಬ್ರಿಟಿಷರು ಕುಲಕುಲದ ಜೊತೆ ಬೇರೆಬೇರೆ ಕರಾರು ಮಾಡಿಕೊಂಡರು. 1898ರವರೆಗೆ ಆ ಸೀಮೆ ಭಾರತ ಸರ್ಕಾರದ ಸುಪರ್ದಿಯಲ್ಲಿತ್ತು.

1988ರಲ್ಲಿ ಸೊಮಾಲಿಯದ ಸರ್ವಾಧಿಕಾರಿ ಸಿಯಾದ್ ಬಾರ್ರೆಯ ಸೈನ್ಯ ಹರ್ಗೇಸಾ ನಗರವನ್ನು ಬಾಂಬು ಹಾಕಿ ನೆಲಸಮ ಮಾಡಿ ಇಸಾಕರನ್ನು ಸಾಮೂಹಿಕವಾಗಿ ಕೊಂದಿತು. 1991ರ ಮೇ 18ರಂದು ಸೊಮಾಲಿಲ್ಯಾಂಡ್ ಪ್ರತ್ಯೇಕತೆ ಸಾರಿತು. 1993ರಲ್ಲಿ ಬೊರಾಮ ಊರಿನಲ್ಲಿ ಹಿರಿಯರು ತಿಂಗಳುಗಟ್ಟಲೆ ಕೂತು ಕುಲಗಳ ನಡುವೆ ಅಧಿಕಾರ ಹಂಚಿದರು. ‘ಗುರ್ತಿ’ ಎಂಬ ಹಿರಿಯರ ಕೂಟ ಮೇಲ್ಮನೆಯಾಯಿತು. ಅದರ 82 ಸದಸ್ಯರಿಗೆ ಜನರ ನೇರ ಚುನಾವಣೆ ಈವರೆಗೆ ನಡೆದಿಲ್ಲ. ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಗಿದೆ. ಸದಸ್ಯ ತೀರಿಕೊಂಡರೆ ಆ ಕುರ್ಚಿ ಸಾಮಾನ್ಯವಾಗಿ ಅವನ ಮನೆತನಕ್ಕೇ ಹೋಗುತ್ತದೆ.